ತಮ್ಮನ ಪಿಂಚಣಿ, ಅಮ್ಮನ ಕೂಲಿ

ತಮ್ಮನ ಪಿಂಚಣಿಯ ಮಸ್ಟರಿಂಗ್, ಅಂದರೆ ಪಿಂಚಣಿದಾರ ಬದುಕಿದ್ದಾನೆಂದು ಯಂತ್ರದಲ್ಲಿ ದಾಖಲಿಸುವ ಕೆಲಸ ಮಾಡಲು ಈ ಸಲ ಅಕ್ಷಯ ಎಂಬ ಸರಕಾರಿ ಸೇವಾ ಕೇಂದ್ರದ ಹುಡುಗಿ ಕಾಸರಗೋಡಿನ ಬದಿಯಡ್ಕ ಕಡೆಯ ನಮ್ಮ ಮನೆಗೇ ಬಂದಿದ್ದಳು. ತಮ್ಮನಿಗೆ ಮೂವತ್ತನಾಲ್ಕು ವರ್ಷ; ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವುದರಿಂದ ಅವನ ಮುಷ್ಟಿ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಅಮ್ಮ ಬಿಸಿನೀರಿನ ಬಟ್ಟೆಯಿಂದ ಒಂದೊಂದೇ ಬೆರಳನ್ನು ಒರೆಸಿ, ಹೆಬ್ಬೆರಳನ್ನು ಬಿಡಿಸಿ ಯಂತ್ರದ ಮೇಲಿಟ್ಟಳು. ಮೂರು ಸಲ ಒತ್ತಿದರೂ ಅಚ್ಚು ಬೀಳಲಿಲ್ಲ. ಕೊನೆಗೆ ಕಣ್ಣಿನ ಸ್ಕ್ಯಾನರ್ ಹಿಡಿದರೆ ಅವನಿಗೆ ಅದೇ ತಮಾಷೆಯಾಗಿ ನಗತೊಡಗಿದ. ನಕ್ಕರೆ ಅವನ ಕಣ್ಣು ಮುಚ್ಚುತ್ತದೆ. ಅವನು ಬದುಕಿದ್ದಾನೆಂದು ದಾಖಲಾಗಲು ಮುಕ್ಕಾಲು ಗಂಟೆ ಹಿಡಿಯಿತು.

ಅದೇ ಯಂತ್ರದಲ್ಲಿ ಅಮ್ಮನ ವೃದ್ಧಾಪ್ಯ ಪಿಂಚಣಿಯ ಮಸ್ಟರಿಂಗೂ ಆಯಿತು, ಒಂದೇ ನಿಮಿಷದಲ್ಲಿ. ಕೇರಳದಲ್ಲಿ 1600 ರೂಪಾಯಿ ಇದ್ದ ಸಾಮಾಜಿಕ ಪಿಂಚಣಿ 2025ರ ನವೆಂಬರ್‌ನಿಂದ 2000 ಆಗಿದೆ. ನಡೆದಾಡುವ ಅಮ್ಮನಿಗೂ, ಮಗ್ಗುಲು ಬದಲಿಸಲು ಇನ್ನೊಬ್ಬರು ಬೇಕಾಗುವ ತಮ್ಮನಿಗೂ ಅದೇ ಮೊತ್ತ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 24ನೇ ಕಲಮು, ಅಂಗವೈಕಲ್ಯವಿರುವವರಿಗೆ ಕೊಡುವ ನೆರವು ಇತರರಿಗೆ ಅಂಥದೇ ಯೋಜನೆಯಲ್ಲಿ ಸಿಗುವುದಕ್ಕಿಂತ ಕನಿಷ್ಠ ಶೇಕಡಾ 25ರಷ್ಟು ಹೆಚ್ಚಿರಬೇಕೆಂದು ಹೇಳುತ್ತದೆ. ಆ ಲೆಕ್ಕದಲ್ಲಿ ತಮ್ಮನಿಗೆ 2500 ಬರಬೇಕು. ಅದು ದೊಡ್ಡ ಮೊತ್ತವೇನಲ್ಲ. ದಿನಕ್ಕೆ ಎರಡರಂತೆ ಡೈಪರ್ ತರುವಷ್ಟರಲ್ಲೇ ಈಗಿನ ಪಿಂಚಣಿ ಮುಗಿದಿರುತ್ತದೆ.

ನಮ್ಮ ಕಡೆ ಈ ಮಾತೆತ್ತಿದರೆ ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯ ಬಂದೇ ಬರುತ್ತದೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತು. ಹಣ ಕೈಸೇರದೆ ಕೆಲವರು ಮತ್ತೆ ಅದೇ ಕೋರ್ಟಿಗೆ ಹೋಗಬೇಕಾಯಿತು. ತಮ್ಮ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವವರ ಮೇಲೆ ನನಗೆ ಹೊಟ್ಟೆಕಿಚ್ಚೂ ಇಲ್ಲ, ಏಕೆಂದರೆ ಅದು ಆದ ಅನ್ಯಾಯಕ್ಕೆ ಒಮ್ಮೆ ಕೊಡುವ ಪರಿಹಾರ. ನಾನು ಹೇಳುತ್ತಿರುವುದು ಯಾರ ತಪ್ಪೂ ಇಲ್ಲದ ಕಾಯಿಲೆಯೊಂದಿಗೆ ತಿಂಗಳು ತಿಂಗಳೂ ಬದುಕುವ ಖರ್ಚಿನ ಮಾತು.

ಆ ಖರ್ಚಿನಲ್ಲಿ ಯಾರೂ ಬರೆದಿಡದ ಬಾಬ್ತು ಅಮ್ಮನ ಕೂಲಿ. ಮೊದಲು ಬೀಡಿ ಕಟ್ಟುತ್ತಿದ್ದಳು, ಆಮೇಲೆ ಅಡಿಕೆ ಸುಲಿಯಲು ಹೋಗುತ್ತಿದ್ದಳು. ತಮ್ಮ ಬೆಳೆದು ಭಾರವಾದಂತೆ ಅವನನ್ನು ಒಬ್ಬನೇ ಬಿಟ್ಟು ಹೋಗುವುದು ಸಾಧ್ಯವಾಗಲಿಲ್ಲ. ಹೀಗೆ ಮನೆಯಲ್ಲೇ ಇದ್ದು ಆರೈಕೆ ಮಾಡುವವರಿಗೆಂದೇ ಇರುವ ಕೇರಳ ಸರಕಾರದ ಆಶ್ವಾಸಕಿರಣಂ ಯೋಜನೆಯಲ್ಲಿ ಅಮ್ಮನಿಗೆ ಮಂಜೂರಾದದ್ದು ತಿಂಗಳಿಗೆ 600 ರೂಪಾಯಿ, ಅಂದರೆ ದಿನಕ್ಕೆ 20. ಅದೂ ಬೇರೆ ಕೆಲಸಕ್ಕೆ ಹೋಗಲಾರದವರಿಗೆ ಮಾತ್ರ. ಪಕ್ಕದ ತೋಟದವರು ಈಗ ಒಣಗಿದ ಅಡಿಕೆಯನ್ನು ಗೋಣಿಯಲ್ಲಿ ಮನೆಗೇ ತಂದು ಹಾಕುತ್ತಾರೆ. ತಮ್ಮ ಮಲಗಿದ ಮೇಲೆ ಮೆಟ್ಟುಗತ್ತಿಯ ಸದ್ದು ಶುರುವಾಗುತ್ತದೆ.

ಶೇಕಡಾ 25ರ ವಿಷಯವನ್ನೂ ಅಮ್ಮನ ಕೂಲಿಯ ವಿಷಯವನ್ನೂ ಸೇರಿಸಿ ಇಲಾಖೆಗೆ ಅರ್ಜಿ ಬರೆದಿದ್ದೇನೆ, ಕನ್ನಡದಲ್ಲೇ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರಾದ ನಮಗೆ ಉತ್ತರವೂ ಕನ್ನಡದಲ್ಲೇ ಬರಬೇಕು.