ಆಹನ್‌ಗೆ ಹೋಗ್ತೀರಾ? ಭಾನುವಾರ ಬೆಳಿಗ್ಗೆ ಬೇಡ

ನಮ್ಮ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಜರ್ಮನಿಯ ಕಲೋನ್‌ನಿಂದ ಅದೇ ದೇಶದ ಆಹನ್ ಊರಿಗೆ ರೈಲಿನಲ್ಲಿ ಬರೀ ಒಂದು ಗಂಟೆ ದಾರಿ ಅಂತ ಭಾನುವಾರ ಬೆಳಿಗ್ಗೆ ಹೊರಟೆವು. ಹೋಗಿ ನೋಡಿದರೆ ಕೆಥೆಡ್ರಲ್‌ನಲ್ಲಿ ಪ್ರಾರ್ಥನೆ ನಡೆಯುತ್ತಿತ್ತು, ಪ್ರವಾಸಿಗಳನ್ನು ಬಿಡುತ್ತಿರಲಿಲ್ಲ. ಅಂಗಡಿಗಳೂ ಬಂದ್. ಮಧ್ಯಾಹ್ನ ಒಳಗೇನೋ ಹೋದೆವು, ಆದರೆ ಶಾರ್ಲಮೇನ್ ರಾಜನ ಸಿಂಹಾಸನ ತೋರಿಸುವ ಇಂಗ್ಲಿಷ್ ಟೂರ್‌ನ ಟಿಕೆಟ್ ಖಾಲಿಯಾಗಿತ್ತು. ನಾವು ಬಂದಿದ್ದೇ ಅದಕ್ಕೆ! ಮರುದಿನ ಮತ್ತೆ ರೈಲು ಹತ್ತಿದೆವು.

ಬ್ರಸೆಲ್ಸ್ ಕಡೆಯಿಂದ ಬರುವವರು ಬೋರ್ಡ್ ನೋಡಿ ಗಾಬರಿಯಾಗಬೇಡಿ. ಫ್ರೆಂಚ್‌ನಲ್ಲಿ ಈ ಊರು ಏಕ್ಸ್‌-ಲಾ-ಶಪೆಲ್, ಡಚ್‌ನಲ್ಲಿ ಆಕನ್. ರಾಜನ ಹೆಸರಿನ ಕಥೆಯೂ ಇಷ್ಟೇ. ನಾವು ಶಾರ್ಲಮೇನ್ ಅನ್ನುತ್ತೇವೆ, ಅಲ್ಲಿನವರು ಕಾರ್ಲ್ ಅನ್ನುತ್ತಾರೆ. ಅವನು ನಮ್ಮವನು ಅಂತ ಫ್ರೆಂಚರೂ ಹೇಳುತ್ತಾರೆ, ಜರ್ಮನ್ನರೂ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಅವನ ಕಾಲದಲ್ಲಿ ಈ ಎರಡು ದೇಶಗಳೇ ಇರಲಿಲ್ಲ. ಅವನು ಫ್ರಾಂಕ್ ಜನರ ರಾಜ. ಕ್ರಿ.ಶ. 800ರ ಕ್ರಿಸ್‌ಮಸ್ ದಿನ ರೋಮ್‌ನಲ್ಲಿ ಮೂರನೇ ಲಿಯೋ ಪೋಪ್ ಅವನ ತಲೆಗೆ ಚಕ್ರವರ್ತಿ ಕಿರೀಟ ಇಟ್ಟರು. ಆಮೇಲೆ 843ರಲ್ಲಿ ಮೊಮ್ಮಕ್ಕಳು ಆಸ್ತಿ ಪಾಲು ಮಾಡಿಕೊಂಡ ಹಾಗೆ ಸಾಮ್ರಾಜ್ಯವನ್ನು ಮೂರು ಭಾಗ ಮಾಡಿಕೊಂಡರು. ಪಶ್ಚಿಮದ ಪಾಲು ಬೆಳೆದು ಫ್ರಾನ್ಸ್ ಆಯಿತು, ಪೂರ್ವದ್ದು ಜರ್ಮನಿ. ನಡುವಿನ ಪಟ್ಟಿಗೆ ಶತಮಾನಗಟ್ಟಲೆ ಕಿತ್ತಾಟ.

ಸ್ಟೇಷನ್‌ನಿಂದ ಕೆಥೆಡ್ರಲ್‌ಗೆ ನಡೆದೇ ಹೋಗಬಹುದು, 20 ನಿಮಿಷ ಸಾಕು. ಒಳಗೆ ಹೋಗಲು ದುಡ್ಡಿಲ್ಲ. ಹೋದ ತಕ್ಷಣ ಎಂಟು ಮೂಲೆಯ ಹಜಾರದ ನಡುವೆ ನಿಂತು ಮೇಲೆ ನೋಡಿ. ಗುಮ್ಮಟ 30 ಮೀಟರ್‌ಗಿಂತ ಎತ್ತರ. ಕಟ್ಟಿಸಿದ್ದು ಕಾರ್ಲ್‌ನೇ. ಕಂಬಗಳನ್ನು ಇಟಲಿಯಿಂದ ತರಿಸಿದ್ದ. ಸಾವಿರ ವರ್ಷದ ನಂತರ ಫ್ರೆಂಚ್ ಸೈನ್ಯ ಅವುಗಳಲ್ಲಿ ಕೆಲವನ್ನು ಕಿತ್ತು ಪ್ಯಾರಿಸ್‌ಗೆ ಸಾಗಿಸಿತು. ಅವನ ಮೂಳೆಗಳಿರುವ ಚಿನ್ನದ ಪೆಟ್ಟಿಗೆ ಮುಂದಿನ ಗಾಜಿನ ಭಾಗದಲ್ಲಿದೆ.

ಸಿಂಹಾಸನ ಮೇಲಿನ ಅಂತಸ್ತಿನಲ್ಲಿದೆ. ಟೂರ್ ಇಲ್ಲದೆ ಮೇಲೆ ಬಿಡುವುದಿಲ್ಲ. ಇಂಗ್ಲಿಷ್ ಟೂರ್‌ಗಳು ಕಮ್ಮಿ, ಹಾಗಾಗಿ ಹಿಂದಿನ ದಿನವೇ ಸಮಯ ನೋಡಿ ಟಿಕೆಟ್ ಮಾಡಿಸಿಕೊಳ್ಳಿ. ಮಂಡಿನೋವಿನವರು ಮೆಟ್ಟಿಲು ಇದೆ ಅನ್ನೋದು ನೆನಪಿಟ್ಟುಕೊಳ್ಳಿ.

ಚಿನ್ನ, ರತ್ನ ಅಂತ ಏನೇನೋ ಕಲ್ಪಿಸಿಕೊಂಡು ಹೋಗಿದ್ದೆ. ಅಲ್ಲಿದ್ದದ್ದು ಆರು ಮೆಟ್ಟಿಲು, ಅದರ ಮೇಲೆ ನಾಲ್ಕು ಬೋಳು ಅಮೃತಶಿಲೆ ಚಪ್ಪಡಿ. ಕಂಚಿನ ಪಟ್ಟಿಯಲ್ಲಿ ಜೋಡಿಸಿದ್ದಾರೆ ಅಷ್ಟೇ. 936ರಿಂದ 1531ರವರೆಗೆ ಸುಮಾರು 30 ರಾಜರು ಪಟ್ಟ ಕಟ್ಟಿಸಿಕೊಂಡು ಏರಿದ್ದು ಇದನ್ನೇ! ಕೆಳಗೆ ಟೊಳ್ಳು ಜಾಗವಿದೆ, ಯಾತ್ರಿಕರು ಅದರೊಳಗೆ ತೂರಿ ಹೋಗುತ್ತಿದ್ದರಂತೆ.

ಪಕ್ಕದ ಚಪ್ಪಡಿಯನ್ನು ಬಗ್ಗಿ ನೋಡಿ. ಒಂದರೊಳಗೊಂದು ಚೌಕ, ನಡುವೆ ಅಡ್ಡಗೆರೆ. ಯಾರೋ ಗೀಚಿದ್ದು. ನೋಡಿದ ಕೂಡಲೇ ‘ಅರೆ, ಸಾಲುಮನೆ!’ ಅಂದೆ. ಅಜ್ಜಿ ಸೀಮೆಸುಣ್ಣದಲ್ಲಿ ಮನೆ ಬರೆದು ಹುಣಸೆಬೀಜ ಇಟ್ಟು ಆಡಿಸುತ್ತಿದ್ದ ಆಟ. ಹಂಪಿಯ ಕಲ್ಲುಹಾಸಿನಲ್ಲೂ ಇಂಥವನ್ನು ನೋಡಿದ್ದೀರಲ್ವಾ? ಸಿಂಹಾಸನ ಮಾಡುವ ಮೊದಲೇ, ಚಪ್ಪಡಿ ಬೇರೆಲ್ಲೋ ನೆಲದಲ್ಲಿದ್ದಾಗ ಕೆತ್ತಿರಬೇಕು ಅನ್ನುತ್ತಾರೆ.

ನಮ್ಮ ಗೈಡ್ ಚೆನ್ನಾಗಿ ವಿವರಿಸಿದರು, ಆದರೆ ಕಾರ್ಲ್ ಸ್ಯಾಕ್ಸನ್ ಜನರ ಮೇಲೆ 30 ವರ್ಷಕ್ಕೂ ಹೆಚ್ಚು ಕಾಲ ಮಾಡಿದ ಯುದ್ಧದ ಬಗ್ಗೆ ತುಟಿ ಬಿಚ್ಚಲಿಲ್ಲ. 782ರಲ್ಲಿ ವೆರ್ಡನ್ ಎಂಬಲ್ಲಿ ಒಂದೇ ದಿನ 4,500 ಜನರ ತಲೆ ಕಡಿಸಿದ ಅಂತ ಅವನ ಆಸ್ಥಾನದ ದಾಖಲೆಯೇ ಹೇಳುತ್ತದೆ. ‘ಯುರೋಪಿನ ತಂದೆ’ ಅಂತ ಹೊಗಳುವಾಗ ಇದೂ ನೆನಪಿರಲಿ.

ಮಕ್ಕಳಿದ್ದರೆ ಆನೆ ಕಥೆ ಹೇಳಿ. ಬಾಗ್ದಾದಿನ ಖಲೀಫ ಹಾರೂನ್ ಅಲ್ ರಶೀದ್ ಉಡುಗೊರೆ ಕೊಟ್ಟ ಅಬುಲ್ ಅಬ್ಬಾಸ್ ಎಂಬ ಆನೆ 802ರಲ್ಲಿ ಈ ಚಳಿಯೂರಿಗೆ ಬಂದಿತ್ತು. ಎಂಟು ವರ್ಷ ಬದುಕಿತು, ಪಾಪ.

ಕಾರ್ಲ್‌ಗೆ ಈ ಊರು ಹಿಡಿಸಿದ್ದೇ ಬಿಸಿನೀರಿನ ಬುಗ್ಗೆಗಳಿಂದ. ಮಕ್ಕಳು, ಗೆಳೆಯರು, ಅಂಗರಕ್ಷಕರನ್ನೂ ಕರೆದು ನೂರಕ್ಕೂ ಹೆಚ್ಚು ಜನ ಒಟ್ಟಿಗೆ ಸ್ನಾನ ಮಾಡುತ್ತಿದ್ದರಂತೆ. ಈಗ ಎಲಿಸೆನ್‌ಬ್ರುನ್ನೆನ್ ಮಂಟಪದಲ್ಲಿ ಆ ನೀರು ನಲ್ಲಿಯಲ್ಲಿ ಸುರಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಸುಮ್ನೆ ಕೈ ಒಡ್ಡಿ ನೋಡಿ, ಕುಡಿಯಬೇಡಿ. ಊರಿನ ಪ್ರಿಂಟನ್ ಬಿಸ್ಕತ್ತು ಮನೆಗೆ ತರಬಹುದು, ಆದರೆ ಗಟ್ಟಿ ಜಾಸ್ತಿ. ನಮ್ಮಮ್ಮ ಕಾಫಿಯಲ್ಲಿ ಅದ್ದಿಕೊಂಡೇ ತಿಂದರು.