ಹಿಮ ಇದೆಯಾ ಅಂತ ಕೇಳಿದೆ, ಎಲ್ಲಿದೆ ಅಂತ ಕೇಳಲಿಲ್ಲ

ತುಮಕೂರಿನ ಒಂದು ಚಿಕ್ಕ ಟ್ರಾವೆಲ್ಸ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿ ನನಗೆ ಆರು ವರ್ಷ. ನಮ್ಮ ಮುಖ್ಯ ವ್ಯಾಪಾರ ತಿರುಪತಿ, ಧರ್ಮಸ್ಥಳ, ಕಾಶಿ. ಬೇಸಿಗೆ ಬಂದರೆ ಊಟಿ, ಮನಾಲಿ. ನಾನು ಹತ್ತಿದ ಅತಿ ಎತ್ತರದ ಜಾಗ ದೇವರಾಯನದುರ್ಗ, ಸುಮಾರು 1,200 ಮೀಟರ್. ಹಿಮವನ್ನು ಫ್ರಿಜ್ಜಿನ ಮೇಲಿನ ಖಾನೆ ಬಿಟ್ಟು ಬೇರೆಲ್ಲೂ ಕಂಡವಳಲ್ಲ. ಇಂಥವಳು ಒಂದೇ ಕುಟುಂಬಕ್ಕೆ ಎರಡು ಸಲ ಸ್ಕೀಯಿಂಗ್ ಪ್ರವಾಸ ಹೊಂದಿಸಿದೆ. ಮೊದಲನೆಯದು ಕೆಟ್ಟಿತು. ತಪ್ಪು ನನ್ನದೇ.

ಅವರು ತಿಪಟೂರಿನ ಕೊಬ್ಬರಿ ವ್ಯಾಪಾರಿ. ಗಂಡ, ಹೆಂಡತಿ, ಹೈಸ್ಕೂಲಿನ ಮಗಳು, ನಾಲ್ಕನೇ ಕ್ಲಾಸಿನ ಮಗ, ಜೊತೆಗೆ ಅಜ್ಜಿ. "ನೋಡಮ್ಮಾ, ಮಕ್ಕಳು ಹಿಮದ ಮೇಲೆ ಜಾರಬೇಕಂತೆ. ಏಪ್ರಿಲ್ 10ಕ್ಕೆ ಶಾಲೆ ಮುಗಿಯುತ್ತೆ. ಆಮೇಲೆ ಯಾವಾಗ ಬೇಕಾದ್ರೂ ಹಾಕು" ಅಂದರು. ನಾನು ಕಾಶ್ಮೀರದ ಗುಲ್ಮಾರ್ಗಿನ ಏಜೆಂಟರೊಬ್ಬರಿಗೆ ಫೋನ್ ಮಾಡಿದೆ. ಏಪ್ರಿಲಿನಲ್ಲಿ ಹಿಮ ಇರುತ್ತಾ ಅಂತ ಕೇಳಿದೆ. ಇರುತ್ತೆ ಮೇಡಂ ಅಂದರು. ಬುಕ್ ಮಾಡಿಬಿಟ್ಟೆ.

ಅವರು ಸುಳ್ಳು ಹೇಳಿರಲಿಲ್ಲ. ಹಿಮ ಇತ್ತು. ಆದರೆ ಇದ್ದದ್ದು ಗೊಂಡೋಲಾದ, ಅಂದರೆ ತಂತಿಯ ಮೇಲೆ ಬೆಟ್ಟ ಹತ್ತುವ ಕೇಬಲ್ ಕಾರಿನ, ಎರಡನೇ ಹಂತ ಮುಗಿಯುವ ಅಫರ್ವಾತ್ ಬೆಟ್ಟದಲ್ಲಿ, 3,900 ಮೀಟರ್ ಎತ್ತರದ ಆಸುಪಾಸಿನಲ್ಲಿ. ಹೊಸಬರು ಕಲಿಯುವ ಸಣ್ಣ ಇಳಿಜಾರು ಇರುವುದು ಕೆಳಗೆ, ಸುಮಾರು 2,650 ಮೀಟರಿನ ಹುಲ್ಲುಗಾವಲಿನಲ್ಲಿ. ಅಲ್ಲಿ ಆಗಲೇ ಹುಲ್ಲು ಕಾಣುತ್ತಿತ್ತು. ಮೇಲಿನ ಇಳಿಜಾರು ಚೆನ್ನಾಗಿ ಪಳಗಿದವರಿಗೆ ಮಾತ್ರ, ಹಿಮ ಕುಸಿಯುವ ಅಪಾಯವೂ ಇದೆ. ಮೊದಲ ಸಲ ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡ ಹುಡುಗನನ್ನು ಅಲ್ಲಿ ಬಿಡೋಕಾಗುತ್ತಾ? ಗೊಂಡೋಲಾದಲ್ಲಿ ಹೋಗಿ, ಹಿಮ ಮುಟ್ಟಿ, ಫೋಟೋ ತೆಗೆಸಿಕೊಂಡು ಬಂದರು. ಹುಡುಗ ಅತ್ತನಂತೆ.

ಅವರು ಬೈಯಲಿಲ್ಲ. ಅದೇ ಜಾಸ್ತಿ ನೋವಾಯಿತು. ನಮ್ಮ ಯಜಮಾನರು ಮಾತ್ರ ಒಂದು ಮಾತು ಕೇಳಿದರು. "ಕೊಬ್ಬರಿ ಇದೆಯಾ ಅಂತ ಕೇಳಿ ಯಾರಾದ್ರೂ ಲೋಡ್ ತರಿಸ್ತಾರಾ? ಯಾವ ಕೊಬ್ಬರಿ, ಎಷ್ಟು ಒಣಗಿದೆ ಅಂತ ಕೇಳಲ್ವಾ?"

ಆ ಮಳೆಗಾಲ ನಾನು ಕೂತು ಓದಿದೆ. ಎತ್ತರದ ಲೆಕ್ಕ ನಮಗೂ ಗೊತ್ತಿರುವುದೇ. ಚಿಕ್ಕಬಳ್ಳಾಪುರದಲ್ಲಿ ಫ್ಯಾನ್ ಹಾಕಿಕೊಂಡವರು ನಂದಿಬೆಟ್ಟದ ಮೇಲೆ ಶಾಲು ಹೊದೆಯುತ್ತಾರೆ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಆದರೆ ಎತ್ತರ ಒಂದನ್ನೇ ನೋಡಿದರೂ ಸಾಲದು. ಫ್ರಾನ್ಸಿನ ಆಲ್ಪ್ಸ್‌ನಲ್ಲಿ ವಾಲ್ ತೊರೋನ್ಸ್ ಅಂತ ಒಂದು ಊರಿದೆ. ಸ್ಕೀಗಾಗಿಯೇ ಕಟ್ಟಿದ ಊರು. 2,300 ಮೀಟರ್, ಅಂದರೆ ಗುಲ್ಮಾರ್ಗಿಗಿಂತ ತಗ್ಗು. ಆದರೂ ಅಲ್ಲಿ ನವೆಂಬರ್ ಕೊನೆಯಿಂದ ಮೇ ತಿಂಗಳ ಶುರುವಿನವರೆಗೆ ಸ್ಕೀಯಿಂಗ್ ನಡೆಯುತ್ತದೆ. ಗುಲ್ಮಾರ್ಗ್ ಇರುವುದು 34 ಡಿಗ್ರಿ ಅಕ್ಷಾಂಶದಲ್ಲಿ. ವಾಲ್ ತೊರೋನ್ಸ್ 45ರಲ್ಲಿ, ಅಷ್ಟು ಉತ್ತರಕ್ಕೆ, ಅಷ್ಟು ತಣ್ಣಗೆ. ಇನ್ನೊಂದು ವಿಷಯ, ಇಲ್ಲಿ ಕಲಿಯುವ ಇಳಿಜಾರೂ ಊರಿನ ಎತ್ತರದಲ್ಲೇ ಇದೆ. ಸ್ಕೀ ಮಾಡುವವರನ್ನು ಬೆಟ್ಟ ಹತ್ತಿಸುವ ಲಿಫ್ಟುಗಳು ಅಲ್ಲಿಂದ ಮೇಲಕ್ಕೆ ಹೋಗುತ್ತವೆ.

ಆಲ್ಪ್ಸ್‌ನ ಎಷ್ಟೋ ಊರುಗಳು 1,000, 1,200 ಮೀಟರಿನಲ್ಲಿವೆ. ಚಿತ್ರದಲ್ಲಿ ನೋಡಿದರೆ ಅವೇ ಚೆಂದ, ಮರದ ಮನೆ, ಚರ್ಚು. ಏಪ್ರಿಲ್ ನಡುವಿನಲ್ಲಿ ಅಲ್ಲಿ ದನ ಮೇಯುವ ಹುಲ್ಲು ಬಂದಿರುತ್ತದೆ. ವಾಲ್ ತೊರೋನ್ಸ್‌ನಲ್ಲಿ ಮರವೇ ಇಲ್ಲ ಅನ್ನಬೇಕು, ಬರೀ ಬಂಡೆ ಮತ್ತು ಬಿಳುಪು. ನನಗೆ ಚಿತ್ರ ಬೇಡವಾಗಿತ್ತು, ತಾರೀಖು ಬೇಕಾಗಿತ್ತು.

ಮುಂದಿನ ವರ್ಷ ಅವರೇ ಬಂದರು. "ಈ ಸಲ ಖರ್ಚಾದ್ರೂ ಪರವಾಗಿಲ್ಲ, ಹುಡುಗ ಜಾರಬೇಕು" ಅಂದರು. ವಾಲ್ ತೊರೋನ್ಸ್ ಅಂತ ಗಟ್ಟಿ ಮಾಡಿ, ದಸರಾ ಆದ ಮೇಲೆ ಕೆಲಸ ಶುರು ಮಾಡಿದೆ. ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಕ್ಕೆ, ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋದ್ದು ಇರಬೇಕು. ವಿಮೆಯಲ್ಲಿ ಇನ್ನೊಂದು ಗುಂಡಿ ಇತ್ತು. ವೀಸಾಕ್ಕೆ ಸಾಕಾಗುವ ಎಷ್ಟೋ ಪಾಲಿಸಿಗಳಲ್ಲಿ ಸ್ಕೀಯಿಂಗ್ ಸೇರಿರುವುದಿಲ್ಲ. ಕಾಲು ಮುರಿದರೆ ಬೆಟ್ಟದಿಂದ ಇಳಿಸಿ ತರುವುದಕ್ಕೂ ಫ್ರಾನ್ಸಿನಲ್ಲಿ ದುಡ್ಡು ಕೊಡಬೇಕು. ಚಳಿಗಾಲದ ಆಟಗಳು ಸೇರಿವೆ ಅಂತ ಬರೆದ ಕಾಗದ ಕೈಗೆ ಬರುವವರೆಗೆ ನಾನು ಟಿಕೆಟ್ ತೆಗೆಯಲಿಲ್ಲ.

ಮನೆ ಬಾಡಿಗೆ ಅಲ್ಲಿ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ. ಜಿನೀವಾ ವಿಮಾನ ನಿಲ್ದಾಣದಿಂದ ರಸ್ತೆಯಲ್ಲಿ ಸುಮಾರು ಮೂರು ಗಂಟೆ. ಶನಿವಾರ ಎಲ್ಲರೂ ಒಟ್ಟಿಗೆ ಬರುವುದರಿಂದ ಇನ್ನೂ ಜಾಸ್ತಿ ಆಗಬಹುದು. ಅಕ್ಕಪಕ್ಕದ ಕಣಿವೆಗಳೂ ಸೇರಿದರೆ 600 ಕಿಲೋಮೀಟರ್ ಇಳಿಜಾರಿದೆ, ಅದಕ್ಕೆಲ್ಲ ಒಂದೇ ಪಾಸ್ ಇದೆ. ಯಜಮಾನರು ಅದನ್ನೇ ಮಾರು ಅಂದರು. ನಾನು ಮಾರಲಿಲ್ಲ. ನಿಲ್ಲಲು ಕಲಿಯುವವರಿಗೆ 600 ಕಿಲೋಮೀಟರ್ ಯಾಕೆ? ಹೊಸಬರ ಸಣ್ಣ ಪಾಸ್, ಬೆಳಿಗ್ಗೆ ಪಾಠ, ಬಾಡಿಗೆ ಬೂಟು, ಹೆಲ್ಮೆಟ್. ಅಲ್ಲಿ ಇಳಿಜಾರಿಗೆ ಬಣ್ಣ ಇರುತ್ತದೆ. ಹಸಿರು ಸುಲಭ, ಆಮೇಲೆ ನೀಲಿ, ಕೆಂಪು, ಕಪ್ಪು. ಹಸಿರು ಬಿಟ್ಟು ಹೋಗಬೇಡ ಅಂತ ಹುಡುಗನಿಗೆ ಬೋರ್ಡಿನ ಚಿತ್ರ ತೋರಿಸಿಯೇ ಕಳಿಸಿದೆ. ಪಾಠ ಬೆಳಿಗ್ಗೆಯೇ ಇರಲಿ ಅಂದದ್ದಕ್ಕೂ ಕಾರಣ ಇದೆ. ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದ ಹಿಮ ನೀರು ಜಾಸ್ತಿಯಾದ ಇಡ್ಲಿ ಹಿಟ್ಟಿನ ಹಾಗಾಗುತ್ತದೆ, ಸ್ಕೀ ಹೂತುಕೊಳ್ಳುತ್ತದೆ.

ಅಜ್ಜಿಯದೇ ದೊಡ್ಡ ಚಿಂತೆ. ಡಾಕ್ಟರಿಗೆ ತೋರಿಸಿ, ಬಿಪಿ ಮಾತ್ರೆ ಬರೆಸಿ, ಮೊದಲ ದಿನ ಸುಮ್ನೆ ಮಲಗಬೇಕು ಅಂತ ಹೇಳಿದ್ದೆ. ಆ ಎತ್ತರದಲ್ಲಿ ಗಾಳಿ ತೆಳು. ಆಯಾಸ, ತಲೆನೋವು ಬರಬಹುದು. ಅಜ್ಜಿಯ ಚಿಂತೆ ಬೇರೆ. "ಅನ್ನ ಬೇಯುತ್ತೇನವ್ವಾ ಅಲ್ಲಿ?" ಒಳ್ಳೆಯ ಪ್ರಶ್ನೆ. 2,300 ಮೀಟರಿನಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದು ತುಂಬಾ ನಿಧಾನ. ಕುಕ್ಕರ್ ಬೇಕು. ಅದೂ ಇಂಡಕ್ಷನ್ ಒಲೆಗೆ ಹೊಂದುವ ತಳದ್ದು, ಬರೀ ಅಲ್ಯೂಮಿನಿಯಂ ಆದರೆ ಕಾಯುವುದೇ ಇಲ್ಲ.

ತುಪ್ಪ, ಪೇಡ ಒಯ್ಯಬೇಡಿ ಅಂದೆ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಹಣ್ಣು ತರಕಾರಿಗೂ ಸರ್ಟಿಫಿಕೇಟ್ ಕೇಳುತ್ತಾರೆ. ಸರ್ಟಿಫಿಕೇಟ್ ಬೇಡದ ಹಣ್ಣು ಐದೇ: ಅನಾನಸ್, ಬಾಳೆ, ಖರ್ಜೂರ, ದುರಿಯನ್, ತೆಂಗಿನಕಾಯಿ. ಕೊನೆಯದನ್ನು ಓದಿದಾಗ ಆಫೀಸಿನಲ್ಲಿ ಒಬ್ಬಳೇ ನಕ್ಕೆ.

ಬೂಟು, ಜಾಕೆಟ್ ಎಲ್ಲ ಸರಿಯಾಗಿ ಹೊಂದಿಸಿದ್ದೆ. ಕೆಟ್ಟದ್ದು ಒಂದೇ. ಬಿಸಿಲಿನ ಕ್ರೀಮ್ ಅಜ್ಜಿ ಹಚ್ಚಿಕೊಳ್ಳಲಿಲ್ಲ. "ನಾನು ಕಾಣದ ಬಿಸಿಲಾ" ಅಂದರಂತೆ. ಹಿಮ ಬಿಸಿಲನ್ನು ಕೆಳಗಿನಿಂದಲೂ ಮುಖಕ್ಕೆ ಹೊಡೆಯುತ್ತದೆ. ಬಾಲ್ಕನಿಯಲ್ಲಿ ಎರಡು ದಿನ ಕೂತದ್ದಕ್ಕೆ ಮೂಗಿನ ಚರ್ಮ ಸುಲಿಯಿತು. ನಾನು ಮಕ್ಕಳಿಗೆ ಹೇಳಿದಷ್ಟು ಗಟ್ಟಿಯಾಗಿ ಅವರಿಗೆ ಹೇಳಿರಲಿಲ್ಲ. ಈಗ ನನ್ನ ಪಟ್ಟಿಯಲ್ಲಿ ಅದು "ಸ್ಕೀ ಮಾಡದವರಿಗೂ" ಅಂತ ಕೆಂಪಿನಲ್ಲಿದೆ.

ಹುಡುಗ ನಾಲ್ಕನೇ ದಿನ ಹಸಿರು ಇಳಿಜಾರನ್ನು ಬೀಳದೆ ಇಳಿದ ವಿಡಿಯೋ ಬಂತು. ವಾಪಸ್ ಬಂದು ಬಾಕಿ ಹಣ ಕೊಡಲು ಬಂದಾಗ ಅಪ್ಪ ಬ್ಯಾಗಿನಿಂದ ಒಂದು ತೆಂಗಿನಕಾಯಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಎರಡು ಒಯ್ದಿದ್ದರಂತೆ. ಒಂದು ಚಟ್ನಿಗೆ ಆಯಿತು.

"ಯಾರೂ ಏನೂ ಕೇಳಲೇ ಇಲ್ಲ ಕಣಮ್ಮಾ" ಅಂದರು, ಸ್ವಲ್ಪ ಬೇಜಾರಿನಲ್ಲೇ. "ನೀನು ಹೇಳಿದ ರೂಲ್ಸು ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ."