ಕಾಗದದಾಗ ಸುತ್ತಿದ ಒಂದೂವರಿ ಬಜ್ಜಿ

9 ನವೆಂಬರ್ 2024, ಶನಿವಾರ
ರಾತ್ರಿ ಹನ್ನೊಂದಕ್ಕ ಹತ್ತು ಕಮ್ಮಿ

ಎಲ್ಲಾರೂ ಮಲಗ್ಯಾರ. ನನ್ನ ಕಾಲು ಸೇದಾಕತ್ತಾವ, ನಾನೂ ಮಲಗಬೇಕಿತ್ತು, ಆದ್ರ ಇವತ್ತಿಂದು ಇವತ್ತ ಬರೀಲಿಲ್ಲಂದ್ರ ನಾಳೆ ಚರ್ಚಿನ್ಯಾಗ ಸುಗ್ಗಿ ಹಬ್ಬ, ಕಾಣಿಕಿ ಬಂದ ಬೆಳಿ ಹರಾಜು, ಊಟ, ಗದ್ದಲ, ಸೋಮವಾರ ಮತ್ತ ಬ್ಯಾಂಕು, ಎಲ್ಲಾ ಮರತು ಹೋಗತೈತಿ. ಹೋದ ವರ್ಷದ ಹಬ್ಬದಾಗ ಇವ್ರು ಹುರುಪಿನ್ಯಾಗ ಒಂದು ಕುಂಬಳಕಾಯಿಗೆ 1,100 ರೂಪಾಯಿ ಕೂಗಿಬಿಟ್ಟು ಎಂಟು ದಿನ ಮನ್ಯಾಗ ಕುಂಬಳಕಾಯಿ ಪಲ್ಯಾ ಆಗಿದ್ದು ಇನ್ನೂ ನೆನಪೈತಿ. ಈ ಸರ್ತಿ ಕೈ ಎತ್ತಬ್ಯಾಡ್ರಿ ಅಂತ ಈಗ ಹೇಳಿಟ್ಟೇನಿ.

ಇವತ್ತ ಎರಡನೇ ಶನಿವಾರ, ಸೂಟಿ. ಅತ್ತಿಯವ್ರು ದೀಪಾವಳಿಗಿಂತ ಮೊದಲಿಂದನೂ ಒಂದ ಸವನ ಗದಗ ಬಾಜೂಕಿನ ಬೆಟಗೇರಿಗೆ ಹೋಗೂಣು, ತಂಗಿನ್ನ ನೋಡೂಣು ಅನ್ನಾಕತ್ತಿದ್ರು. ಕಾರ್ ತಗೊಂಡು ಹೋಗೂಣು ಅಂದ್ರ ಅದು ಗ್ಯಾರೇಜಿನ್ಯಾಗ ಕುಂತು ಹತ್ತು ದಿನ ಆತು. ಹಂಗಾಗಿ ರೈಲು. ಹುಬ್ಬಳ್ಳಿ ಸ್ಟೇಷನ್ ಪ್ಲಾಟ್‌ಫಾರ್ಮ್ ಜಗತ್ತಿನ್ಯಾಗ ಎಲ್ಲಾಕಿಂತ ಉದ್ದಂದು ಅಂತ ನಾವೆಲ್ಲಾ ಬಂದವ್ರ ಮುಂದ ಹೇಳಿ ಹೇಳಿ ಖುಷಿ ಪಡತೇವಿ, 1507 ಮೀಟರ್, ಸರಿ, ಆದ್ರ ಅದನ್ನ ಕಟ್ಟೂ ಮುಂದ ಅತ್ತಿಯವ್ರ ಮೊಣಕಾಲನ್ನ ಯಾರೂ ಕೇಳಿರಲಿಲ್ಲ. ನಾಕು ಕಡೆ ಕುಂತು ಕುಂತು ನಡದ್ರು. ಸಣ್ಣಾಕಿ ಪ್ರತಿ ಸರ್ತೀನೂ ಬಾಜೂಕ ಕುಂತು "ಅಜ್ಜಿ, ನಾನೂ ದಣದೆ" ಅಂತಿದ್ಲು. ಅಕಿಗೆ ದಣಿವು ಯಾವಾಗ ಬರತೈತಿ ಅಂದ್ರ ಬಿಸ್ಕೀಟಿನ ಅಂಗಡಿ ಎದುರಿಗೆ ಬಂದಾಗ.

ನನಗ ತಲಿಯೊಳಗ ಒಂದ ಚಿಂತಿ. ಬುಧವಾರ ಚರ್ಚಿನ ಮಹಿಳಾ ಕೂಟದಾಗ ಬೈಬಲಿನ್ಯಾಗಿನ ರೂತಳ ಪುಸ್ತಕದ ಮ್ಯಾಲ ಹತ್ತು ನಿಮಿಷ ಮಾತಾಡಬೇಕು. ನಾಕ ಅಧ್ಯಾಯದ ಪುಸ್ತಕ, ಒಂದು ಚಹಾ ಕುಡಿಯೂದ್ರಾಗ ಓದಿ ಮುಗಸಬಹುದು, ಆದ್ರ ಹೊಸದು ಏನು ಹೇಳಬೇಕು? "ನಿನ್ನ ಜನವೇ ನನ್ನ ಜನ, ನಿನ್ನ ದೇವರೇ ನನ್ನ ದೇವರು" ಅನ್ನೋ ವಚನಾ ನಮ್ಮವ್ರ ಅರ್ಧಾ ಮಂದಿ ಲಗ್ನಪತ್ರಿಕಾದಾಗ ಅಚ್ಚಾಗೇತಿ. ಗಂಡ ಹೆಂಡತಿ ಮಾತು ಅಂತ ಅಚ್ಚು ಹಾಕಸತಾರ, ಅದು ಸೊಸಿ ರೂತಳು ಅತ್ತಿಗೆ ಹೇಳಿದ್ದು. ಇಷ್ಟ ಹೇಳಿ ಕುಂದರಬೇಕೋ ಏನೋ ಅಂತ ಯೋಚನಿ ಮಾಡಕೋತ ಕಿಟಕಿ ಬಾಜೂಕ ಕುಂತಿದ್ದೆ.

ಅಣ್ಣಿಗೇರಿ ದಾಟಿದ ಮ್ಯಾಲೆ ಎರಿ ಹೊಲ ಶುರು ಆದ್ವು ಅಂದ್ರ ತಪ್ಪಾದೀತು, ಹುಬ್ಬಳ್ಳಿ ಬಿಟ್ಟಾಗಿಂದನೂ ಎರೀನ, ಆದ್ರ ನಾನು ಕಣ್ಣಬಿಟ್ಟು ನೋಡಿದ್ದು ಅಲ್ಲಿಂದ. ಕಡ್ಲಿ ಆಗಲೇ ಗೇಣುದ್ದ ಬಂದೇತಿ, ಹತ್ತಿ ಬೆಳ್ಳಗ ಒಡದೈತಿ. ಗೋವಿನಜೋಳ ಕೊಯ್ದು ಖಾಲಿ ಆಗಿದ್ದ ಒಂದು ಹೊಲದಾಗ ಮೂರು ಮಂದಿ ಹೆಣ್ಣಮಕ್ಕಳು ಬಗ್ಗಿ ಏನೋ ಹುಡಕಾಕತ್ತಿದ್ರು. ಏನೋ ಕಳಕೊಂಡಾರೇನೋ ಅಂತ ನಾ ಅಂದೆ. ಅತ್ತಿಯವ್ರು ನೋಡಿದವ್ರ "ಕಳಕೊಂಡಿಲ್ಲ ಯವ್ವಾ, ಹಕ್ಕಲಾ ಆರಸಾಕತ್ತಾರ" ಅಂದ್ರು. ಅಂದ್ರ ಕೊಯ್ದ ಮ್ಯಾಲೆ ಹೊಲದಾಗ ಉಳದ ತೆನಿ, ಕಾಳು ಆರಸೂದು.

ನಾನು ರೈಲ್ವೆ ಕ್ವಾರ್ಟರ್ಸಿನ್ಯಾಗ ಬೆಳದಾಕಿ. ಅಪ್ಪ ವರ್ಕ್‌ಶಾಪಿನ್ಯಾಗ ಇದ್ರು, ಹೊಲ ಅಂದ್ರ ನಮಗ ರೈಲಿನ ಕಿಟಕ್ಯಾಗ ಓಡೂದು ಅಷ್ಟ. 'ಹಕ್ಕಲಾಯು' ಅನ್ನೋದನ್ನ ಸಂಡೇ ಸ್ಕೂಲಿನ್ಯಾಗ ರೂತಳ ಕಥಿ ಓದಿದಾಗಿಂದ ನೋಡೇನಿ, ಖರೇ ಹೇಳಬೇಕಂದ್ರ ಅದೊಂದು ಸತ್ಯವೇದದ ಶಬ್ದ ಅಂತ ತಿಳಕೊಂಡಿದ್ದೆ. ಜವೆಗೋದಿ, ಏಫ, ಮಹಾಯಾಜಕ ಇರತಾವಲ್ಲ, ಹಂಗ. ಬೇತ್ಲೆಹೇಮಿನ್ಯಾಗ ಇರೂವಂಥಾದ್ದು. ನಲವತ್ತೊಂದನೇ ವರ್ಷಕ್ಕ ಅಣ್ಣಿಗೇರಿ ಮತ್ತ ಹುಲಕೋಟಿ ನಡುವ ಅದು ಹೊಲದಾಗ ಸೀರಿ ಕಚ್ಚಿ ಹಾಕ್ಕೊಂಡು ನಿಂತಿತ್ತು.

"ನೀವೂ ಆರಿಸೀರೇನ್ರಿ ಅತ್ತೀ?"

"ಆರಸಲಾರದೇನ. ಅವ್ವನ ಬೆನ್ನ ಹತ್ತಿ ಹೋಗತಿದ್ವಿ, ನಾ, ತಂಗಿ. ಅಪ್ಪನ ಮಗ್ಗ ವರ್ಷದಾಗ ನಾಕ ತಿಂಗಳ ಬಂದಾಗಿರತಿತ್ತು, ನೂಲು ಸಿಗತಿದ್ದಿಲ್ಲ. ಇದಲ್ಲ, ಶೇಂಗಾ. ಬೆಟಗೇರಿ ಆಚೀಕ ಮಸಾರಿ ಹೊಲ ಇದ್ವು. ಶೇಂಗಾ ಕಿತ್ತ ಮ್ಯಾಲೆ ಮಣ್ಣಾಗ ಉಳದಿರತಾವ ನೋಡು, ಕುಡಗೋಲು ತುದೀಲೆ ಕೆದರಿ ಕೆದರಿ ತಗೀಬೇಕು. ಉಗುರಾಗ ಮಣ್ಣು ಕುಂತು ರಾತ್ರಿ ಉಣ್ಣಾಕ ಬರತಿದ್ದಿಲ್ಲ, ಉರೀತಿತ್ತು."

"ಹೊಲದವ್ರು ಸುಮ್ನಿರತಿದ್ರೇನು?"

"ಸುಮ್ನ್ಯಾಕಿರತಾರ? ಸಂಜೀಕ ಬದುವಿನ ಮ್ಯಾಲೆ ಬಂದು ಕುಂದರತಿದ್ದ. ಉಡಿ ಬಿಚ್ಚರಿ ಅಂತಿದ್ದ. ಆರಿಸಿದ್ದರಾಗ ಅರ್ಧಾ ಹೊಲದವಗ, ಅರ್ಧಾ ನಮಗ. ಅವ್ವ ಒಂದ ಹಿಡಿ ಕುಬಸದಾಗ ಇಟಗೊಂಡಿರತಿದ್ಲು." ಅಂದು ನಗಾಕತ್ತಿದ್ರು. ಎದುರಿಗೆ ಕುಂತ ಹಿರಿಯಾರೊಬ್ಬರು ಬ್ಯಾರೆ ಕಡೆ ಮಾರಿ ತಿರಿವಿದ್ರು.

ನಾನು ಬುಧವಾರದ ಆಸೇಕ, ರೂತಳು ಹಕ್ಕಲಾ ಆಯ್ದ ಹೊಲದ ಧಣಿ ಬೋವಜನ್ನ ನೆನಸಿ, "ಬೋವಜ ನೋಡ್ರಿ, ರೂತಳಿಗಂತನ ಸಿವುಡಿನ್ಯಾಗಿಂದ ಒಂದಿಷ್ಟು ತೆನಿ ಬೇಕಂತ ಬಿಟ್ಟು ಹೋಗ್ರಿ ಅಂತ ಆಳುಗೋಳಿಗೆ ಹೇಳಿದ್ದ" ಅಂದೆ. ಅತ್ತಿಯವ್ರಿಗೆ ಇದು ಗೊತ್ತಿಲ್ಲಂತಲ್ಲ, ನನಗಿಂತ ಹೆಚ್ಚು ಸರ್ತಿ ಓದ್ಯಾರ. "ಹೂಂ, ಅದಕ್ಕ ಅವನ ಹೆಸರು ಪುಸ್ತಕದಾಗ ಬಂತು. ಅಂಥಾವ್ರು ಊರ ತುಂಬ ಇದ್ದಿದ್ರ ಯಾಕ ಬರೀತಿದ್ರು" ಅಂದ್ರು.

ಇದನ್ನ ಬುಧವಾರ ಹೇಳಲೇನು? ಹೇಳಿದ್ರ ಹಿರಿಯರು ಏನಂತಾರೋ. ಯಾಜಕಕಾಂಡ 19ರಾಗ ಹೊಲದ ಮೂಲಿ ಪೂರ್ತಿ ಕೊಯ್ಯಬ್ಯಾಡ್ರಿ, ಹಕ್ಕಲಾ ಆಯಬ್ಯಾಡ್ರಿ, ಬಡವ್ರಿಗೆ, ಪರದೇಶಿಗೆ ಬಿಡ್ರಿ ಅಂತ ಸಾಫ್ ಬರದೈತಿ, ದಯಾ ಮಾಡ್ರಿ ಅಂತಲ್ಲ, ಕಾಯ್ದೆ ಹೇಳಿದಂಗ ಹೇಳೇತಿ. ಹಂಗಿದ್ರೂ ರೂತಳು ಮುಂಜಾನೆ ಹೋಗೂವಾಗ ಯಾರಾರ ದಯಾ ತೋರಿಸಿದ್ರ ಅವ್ರ ಹಿಂದ ಆಯತೇನಿ ಅಂತ ಅಂಜಿಕೋತ ಹೊಂಟಾಳ. ಕಾಯ್ದೆ ಇದ್ದೂ ಅಂಜಬೇಕು. ಬ್ಯಾಂಕಿಗೆ ಸಾಲಾ ಕೇಳಾಕ ಬರೂ ಸಂಘದ ಹೆಣ್ಣಮಕ್ಕಳನ್ನ ನೋಡತೇನಲ್ಲ, ಕಾಗದಾ ಎಲ್ಲಾ ಸರಿ ಇದ್ರೂ ಬಾಗಲದಾಗ ನಿಂತಿರತಾರ.

ಬೆಟಗೇರಿ ಬಗ್ಗೆ ಹೆಚ್ಚು ಬರಿಯಂಗಿಲ್ಲ. ಆಟೋದಾಗ ಜರ್ಮನ್ ದವಾಖಾನಿ ದಾಟೂ ಮುಂದ ಇವ್ರು ಮಕ್ಕಳಿಗೆ ಬಾಸೆಲ್ ಮಿಷನ್ ಕಥಿ ಶುರು ಮಾಡಿದ್ರು, ಮಿಷನರಿಗೋಳು ಬಂದದ್ದು 1837ಕ್ಕ ಧಾರವಾಡ, 1839ಕ್ಕ ಹುಬ್ಬಳ್ಳಿ, 1841ಕ್ಕ ಬೆಟಗೇರಿ, ಕಿಟೆಲ್ಲರು 1894ಕ್ಕ ಕೋಶ. ಕಿಟೆಲ್ ಕಾಲೇಜಿನ್ಯಾಗ ಓದಿದ್ದಕ್ಕ ಇವ್ರಿಗೆ ಕಿಟೆಲ್ಲರು ಅವ್ರ ಸ್ವಂತ ಮುತ್ಯಾ ಇದ್ದಂಗ. ದೊಡ್ಡಾಕಿ ಕಿವಿಯೊಳಗ ಇಯರ್‌ಫೋನ್, ಸಣ್ಣಾಕಿ ನಿದ್ದಿ. ಆಟೋದವ ಒಬ್ಬನ ಕೇಳಿದಾಂವ, ಪಾಪ, ಹೂಂ ಅಂತ ಅಂದ.

ಅಲ್ಲಿ ರೊಟ್ಟಿ, ಎಣಗಾಯಿ, ಕೆನಿ ಮೊಸರು, ಶೇಂಗಾ ಹಿಂಡಿ. ಅಕ್ಕ ತಂಗಿ ಇಬ್ಬರೂ ಅಡಗಿ ಮನ್ಯಾಗ ಬಾಗಲಾ ಮುಂದ ಮಾಡಿ ಎರಡ ತಾಸು ಮಾತಾಡಿದ್ರು. ಒಮ್ಮೆ ನಗು ಕೇಳಸ್ತು, ಒಮ್ಮೆ ಏನೂ ಕೇಳಸಲಿಲ್ಲ. ಹೊಂಡೂ ಮುಂದ ಚಿಗವ್ವ ಅತ್ತಿಯವ್ರನ್ನ ಮಣಿ ಮ್ಯಾಲ ಕುಂದ್ರಿಸಿ ಉಡಿ ತುಂಬಿದ್ಲು. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲಾ, ಮ್ಯಾಲ ಒಂದು ಚೀಲ ಹಸಿ ಶೇಂಗಾ. ಅರವತ್ತೆಂಟು ವರ್ಷದಾಕಿಗೆ ಅರವತ್ತೈದು ವರ್ಷದಾಕಿ ತವರು ಮನಿಯಾಗಿ ನಿಂತಿದ್ಲು. ಆಮ್ಯಾಲೆ ಚಿಗವ್ವ ಪ್ರಾರ್ಥನಿ ಮಾಡಿದ್ಲು, ಉದ್ದಂದು, ನನ್ನ ಹೆಸರಲೇನೂ ದೇವರಿಗೆ ಸ್ತೋತ್ರ ಹೇಳಿದ್ಲು. ನಾ ಕಣ್ಣ ಮುಚ್ಚಿಕೊಂಡು ವಾಪಸ್ ರೈಲು ಎಷ್ಟಕ್ಕ ಅಂತ ಲೆಕ್ಕಾ ಹಾಕಾಕತ್ತಿದ್ದೆ. ದೇವರು ಕ್ಷಮಿಸಲಿ.

ಸಂಜೀಕ ಭೀಷ್ಮ ಕೆರಿ. ಬಸವಣ್ಣನ ದೊಡ್ಡ ಮೂರ್ತಿ ಮುಂದ ಮಕ್ಕಳು ಫೋಟೋ ತಗಿಸಿಕೊಂಡ್ರು. ಅಲ್ಲಿಂದ ಸ್ಟೇಷನ್ನಿಗೆ ಬಂದ್ವಿ, ಹೊರಗ ಒಂದು ಗಾಡಿಯಾಂವ ಗಿರ್ಮಿಟ್ ಕಲಸಾಕತ್ತಿದ್ದ, ಬಾಜೂಕ ಮಿರ್ಚಿ ಬಜ್ಜಿ ಕರೀಯೂ ವಾಸನಿ. ಎಲ್ಲಾರೂ ಅಲ್ಲೇ ನಿಂತ್ರು. ಟಿಕೆಟ್ ಯಾರು ತರಬೇಕು? ನಾನ. ಯಾಕಂದ್ರ ಯಾವಾಗಲೂ ನಾನ. ಸಾಲು ಇಷ್ಟುದ್ದ, ಅರ್ಧಾ ತಾಸು ನಿಂತೆ, ಹೊಟ್ಟಿ ಚುರಚುರ, ನಾ ಬರೂದ್ರಾಗ ಗಾಡಿ ಮುಂದ ಖಾಲಿ ಪ್ಲೇಟು ಬಿದ್ದಿದ್ವು, ಇವ್ರು ಕೈ ತೊಳಕೊಂಡು ಕರವಸ್ತ್ರದಲೇ ಒರಸಕೊಳ್ಳಾಕತ್ತಿದ್ರು. "ನಿನಗ ಕಟ್ಟಿಸಲೇನು" ಅಂತ ಕೇಳಿದ್ರು, ಅಷ್ಟರಾಗ ಗಾಡಿ ಬಂತು ಅಂತ ಅನೌನ್ಸ್ ಆತು. ನಾ ಏನೂ ಅನ್ನಲಿಲ್ಲ. ಏನೂ ಅನ್ನಲಿಲ್ಲಂದ್ರ ಮನ್ಯಾಗ ಎಲ್ಲಾರಿಗೂ ಗೊತ್ತಾಗತೈತಿ. ಹುಲಕೋಟಿ ತನಕಾ ಕಿಟಕಿ ಕಡೆ ಮಾರಿ ಮಾಡಿ ಕುಂತೆ, ಹೊರಗ ಕತ್ತಲಿ, ಕಾಣಿಸಿದ್ದು ನನ್ನ ಸಿಟ್ಟಿನ ಮಾರಿ ಒಂದ.

ಆವಾಗ ಅತ್ತಿಯವ್ರು ಸೀರಿ ಸೆರಗಿನೊಳಗಿಂದ ಒಂದು ಪೇಪರ್ ಪುಡಕಿ ತಗದು ನನ್ನ ಉಡ್ಯಾಗ ಇಟ್ರು. ಎಣ್ಣಿ ಹತ್ತಿ ಪೇಪರ್ ಪಾರದರ್ಶಕ ಆಗಿತ್ತು. ಒಳಗ ಒಂದೂವರಿ ಮಿರ್ಚಿ ಬಜ್ಜಿ, ತಣ್ಣಗಾಗಿದ್ವು. ಅವ್ರಿಗೆ ಎರಡ ಕೊಟ್ಟಿದ್ರು, ಅರ್ಧಾ ತಿಂದು ಸಾಕಂದಾರ. "ಖಾರ ಭಾಳ ಇತ್ತು, ನನಗ ಸೇರಲಿಲ್ಲ" ಅಂದ್ರು. ಬೆಟಗೇರಿಯಾಕಿಗೆ ಮಿರ್ಚಿ ಖಾರ ಆತಂತ!

ತಿಂದೆ. ಏನೂ ಮಾತಾಡಲಿಲ್ಲ.

ಮನಿಗೆ ಬಂದು ರಾತ್ರಿ ಪ್ರಾರ್ಥನಿಗೆ ಕುಂತಾಗ ನಾನ ಕೇಳಕೊಂಡು ರೂತಳು ಎರಡನೇ ಅಧ್ಯಾಯ ಓದಿಸಿದೆ, ದೊಡ್ಡಾಕಿ ಕಡೆಯಿಂದ. ನೂರ ಸರ್ತಿ ಕೇಳಿದ ಅಧ್ಯಾಯ. ಮಧ್ಯಾಹ್ನ ಊಟದ ಹೊತ್ತಿಗೆ ಬೋವಜ ರೂತಳನ್ನ ಕರದು ರೊಟ್ಟಿ ಕೊಡತಾನ, ಹುರದ ಕಾಳು ಕೊಡತಾನ, ಅಕಿ ಹೊಟ್ಟಿ ತುಂಬ ತಿಂದು ಇನ್ನೂ ಉಳೀತೈತಿ. ಇಲ್ಲಿತನಕಾ ಎಲ್ಲಾರಿಗೂ ನೆನಪಿರತೈತಿ. ನಾಕ ವಚನಾ ಮುಂದ ಹೋದ್ರ, ಸಂಜೀಕ ಮನಿಗೆ ಬಂದು ಆಯ್ದ ಜವೆಗೋದಿ ತೋರಿಸಿದ ಮ್ಯಾಲೆ ಆ ಉಳಿದ ಊಟಾನೂ ತಗದು ಅತ್ತಿಗೆ ಕೊಡತಾಳ. ಅಂದ್ರ ಇಡೀ ದಿನ ಬಿಸಲಾಗ ಬಗ್ಗಿ ಎದ್ದು ಬಗ್ಗಿ ಎದ್ದು, ಆ ಒಂದ ಹಿಡಿ ಹುರದ ಕಾಳನ್ನ ಎಲ್ಲೋ ಗಂಟ ಕಟ್ಟಿಟಗೊಂಡಿದ್ಲು. ಯಾವ ಪ್ರಸಂಗದಾಗೂ ಇದನ್ನ ಯಾರೂ ಹೇಳಿದ್ದು ನಾ ಕೇಳಿಲ್ಲ. ದೊಡ್ಡಾಕಿ ಓದಿಕೋತ ಮುಂದ ಹೋದ್ಲು, ನಾ ಅಲ್ಲೇ ನಿಂತೆ. ನಮ್ಮನ್ಯಾಗ ಅದು ಉಲ್ಟಾ ಆಗಿತ್ತು, ಸೊಸಿ ಸಿಟ್ಟಾಗಿ ಕುಂತಿದ್ಲು, ಸೆರಗಿನ್ಯಾಗ ಕಟಗೊಂಡು ಬಂದಾಕಿ ಅತ್ತಿ.

ಹನ್ನೆರಡು ವರ್ಷ ಆತು ನಾನು ಮುಂಜಾನೆ ಒಂಬತ್ತಕ್ಕ ಮನಿ ಬಿಡೂದು, ಎರಡೂ ಹುಡುಗ್ಯಾರನ್ನ ಅವ್ರ ಬೆಳಿಸ್ಯಾರ, ಜ್ವರಾ ಬಂದಾಗ, ಹಲ್ಲು ಬಂದಾಗ, ಸಾಲಿ ವ್ಯಾನ್ ತಪ್ಪಿದಾಗ. ಒಂದ ಸರ್ತಿನೂ ಧನ್ಯವಾದ ಅಂದಿಲ್ಲ ನಾ. ಅನ್ನೂದು ಹ್ಯಾಂಗ? ಧನ್ಯವಾದ ಅನ್ನೋದು ಸ್ಟೇಜಿನ ಮ್ಯಾಲ ಹಾರ ಹಾಕಿದ ಮ್ಯಾಲೆ ಅನ್ನೂದು, ಥ್ಯಾಂಕ್ಸ್ ಅನ್ನೋದು ಕೌಂಟರಿನ್ಯಾಗ, ಸ್ತೋತ್ರ ದೇವರಿಗೆ. ಅತ್ತಿಗೆ ಅನ್ನಾಕ ನಮ್ಮ ಕಡೆ ಶಬ್ದ ಇಲ್ಲ. ಉಂಡ್ರೀ? ಗುಳಗಿ ತಗೊಂಡ್ರೀ? ಅಷ್ಟ.

ನೀರು ಕುಡಿಯಾಕಂತ ಅಡಗಿ ಮನಿಗೆ ಹೋದ್ರ ಅತ್ತಿಯವ್ರು ನೆಲದ ಮ್ಯಾಲೆ ಕುಂತು ಚಿಗವ್ವ ಕೊಟ್ಟ ಶೇಂಗಾ ಸೇರಿನಲೇ ಅಳದು ಎರಡು ಗುಂಪಿ ಮಾಡಾಕತ್ತಿದ್ರು. ಕಾಲು ಮಡಚಾಕ ಬರೂದಿಲ್ಲ, ಒಂದ ಕಾಲು ಉದ್ದಕ್ಕ ಚಾಚಿದ್ರು. ಏನ್ರಿ ಅತ್ತೀ ಈ ಹೊತ್ತಿನ್ಯಾಗ ಅಂದ್ರ, "ನಾಳಿ ಹಬ್ಬಕ್ಕ ಒಯ್ಯೂಣು. ಅರ್ಧಾ ನಮಗ" ಅಂದು ಇನ್ನೊಂದು ಗುಂಪಿ ಕಡೆ ಗದ್ದ ಎತ್ತಿ, "ಅರ್ಧಾ ಹೊಲದವಗ" ಅಂದ್ರು. ಅಂದು ತಾವ ನಕ್ಕರು, ಸೆರಗು ಬಾಯಿಗೆ ಹಚ್ಚಿಕೊಂಡು, ಮಕ್ಕಳು ಎದ್ದಾರು ಅಂತ.

ಆವಾಗ ಹೇಳಬೇಕಂತ ಬಾಯಿ ತನಕಾ ಬಂದಿತ್ತು. "ನಾಳೆ ಆರಕ್ಕ ಎಬ್ಬಸ್ರಿ" ಅಂದೆ.

"ನಾ ಎಬ್ಬಸಲಾರದ ನೀ ಯಾವತ್ತ ಎದ್ದೀ" ಅಂದ್ರು.

ಬುಧವಾರಕ್ಕ ಇನ್ನೂ ಒಂದ ಸಾಲೂ ಬರದಿಲ್ಲ. ಆ ಉಳಿದ ಊಟದ ವಚನಾ ಹಿಡಕೊಂಡು ಮಾತಾಡೂಣು ಅಂದ್ರ ಅತ್ತಿಯವ್ರು ಮೊದಲನೇ ಸಾಲಿನ್ಯಾಗ ಕುಂತಿರತಾರ, ಬಜ್ಜಿ ಸುದ್ದಿ ಎಲ್ಲಾರ ಮುಂದ ತಗದ್ರ ಮನಿಗೆ ಬಂದ ಮ್ಯಾಲೆ ಬಯ್ಯತಾರ, ತಗೀಲಿಲ್ಲಂದ್ರ ಮತ್ತೇನು ಹೇಳೂದು, ಶೇಂಗಾ ಬ್ಯಾರೆ ಇನ್ನೂ ಹಸೀನ ಅದಾವ, ರಾತ್ರಿ ಹಂಗ ಮುಚ್ಚಿಟ್ರ ಬೂಸ್ಟು ಹಿಡೀತಾವ, ಎದ್ದು ಒಂದಿಷ್ಟು ಹರವಿ